5 ಗಿಗಾಹರ್ಟ್ಸ್ ದೂರ ಹೋಗಲ್ಲ ಅನ್ನೋದು ಅರ್ಧ ಸತ್ಯ

ನೀವು ಬರೆದದ್ದು ಇಷ್ಟು: ವೈ-ಫೈ ರೂಟರ್ ಮನೆಯೊಳಗಿದೆ, ಪಂಪ್ ಶೆಡ್ಡಿನ ಕ್ಯಾಮೆರಾ 150 ಮೀಟರ್ ಆಚೆ, ನಡುವೆ ಎರಡು ಸಾಲು ಮರ. 5 ಗಿಗಾಹರ್ಟ್ಸ್ ಕಾಣಿಸೋದೇ ಇಲ್ಲ, 2.4ರಲ್ಲಿ −84 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ) ತೋರಿಸಿ ಆಗಾಗ ಕಡಿದುಹೋಗುತ್ತೆ. 400 ಮೀಟರ್ ದೂರದಲ್ಲಿ ಮಣ್ಣಿನ ತೇವದ ಸೆನ್ಸರ್ ಬೇರೆ ಹಾಕಬೇಕು. ಎಲ್ಲಾನೂ 900 ಮೆಗಾಹರ್ಟ್ಸ್ ಕಡೆಯ ಲೋರಾಗೆ (ಸ್ವಲ್ಪವೇ ಡೇಟಾನ ನಿಧಾನವಾಗಿ ದೂರ ಕಳಿಸೋ ರೇಡಿಯೋ) ಹಾಕಿಬಿಡಲಾ ಅಂತ ಕೇಳಿದ್ದೀರಿ. ಸೆನ್ಸರ್‌ಗೆ ಅದು ಸರಿ. ಕ್ಯಾಮೆರಾಗೆ ಬೇಡ.

ಮೇಲೆ ಒಬ್ಬರು "ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಗಾಳಿ ಸಿಗ್ನಲ್ ನುಂಗುತ್ತೆ" ಅಂದಿದ್ದಾರೆ. ಇಷ್ಟು ದೂರಕ್ಕೆ, ಈ ಬ್ಯಾಂಡುಗಳಲ್ಲಿ, ಗಾಳಿ ನುಂಗೋದು ಲೆಕ್ಕಕ್ಕೇ ಬರಲ್ಲ. ಆಮ್ಲಜನಕದ ಕಾಟ ಜೋರಾಗೋದು 60 ಗಿಗಾಹರ್ಟ್ಸ್ ಸುತ್ತ. ಬಯಲಲ್ಲಿ ಕಾಣೋ ವ್ಯತ್ಯಾಸಕ್ಕೆ ಕಾರಣ ಆಂಟೆನಾ. 2.4ರ ಅಲೆಯುದ್ದ 12.5 ಸೆಂ.ಮೀ., 5.5ರದ್ದು ಸುಮಾರು ಐದೂವರೆ. ಕಡ್ಡಿ ಆಂಟೆನಾನ ಅಲೆಯುದ್ದಕ್ಕೆ ತಕ್ಕಂತೆ ಮಾಡಿರ್ತಾರೆ, ಹಾಗಾಗಿ 5ರ ಕಡ್ಡಿ ಚಿಕ್ಕದು, ಅದು ಹಿಡಿದುಕೊಳ್ಳೋ ಸಿಗ್ನಲ್ಲೂ ಕಮ್ಮಿ. ಫ್ರೀಕ್ವೆನ್ಸಿ ಎರಡರಷ್ಟಾದರೆ 6 ಡಿಬಿ ನಷ್ಟ, ಅಂದರೆ ನಾಲ್ಕರಲ್ಲಿ ಒಂದು ಪಾಲು ಸಿಗ್ನಲ್ ಮಾತ್ರ ಉಳಿಯುತ್ತೆ. ಮೊದಲಿನಷ್ಟೇ ಸಿಗ್ನಲ್ ಬೇಕಂದ್ರೆ ಅರ್ಧ ದೂರಕ್ಕೆ ಬರಬೇಕು. 2.4ರಿಂದ 5.5ಕ್ಕೆ ಹೋದರೆ 7 ಡಿಬಿ ಹೋಗುತ್ತೆ, ಲೋರಾದ 866 ಮೆಗಾಹರ್ಟ್ಸ್‌ಗೆ ಇಳಿದರೆ ಸುಮಾರು 9 ಡಿಬಿ ಸಿಗುತ್ತೆ.

ಈಗ ನಿಮ್ಮ −84 ನೋಡೋಣ. ರೂಟರ್ 20 ಡಿಬಿಎಂ ಬಿಡುತ್ತೆ, ಎರಡೂ ಕಡೆ 2 ಡಿಬಿಐ (ಆಂಟೆನಾ ಸಿಗ್ನಲ್ಲನ್ನ ಒಟ್ಟುಗೂಡಿಸೋದರ ಅಳತೆ) ಕಡ್ಡಿ ಇದೆ ಅಂದುಕೊಳ್ಳಿ. ಬಟ್ಟ ಬಯಲಲ್ಲಿ 150 ಮೀಟರಿಗೆ ಸುಮಾರು −60 ಬರಬೇಕು. 24 ಡಿಬಿ ಕಾಣೆಯಾಗಿದೆ. ಅಂದರೆ ಬರಬೇಕಾದ 250 ಪಾಲಿನಲ್ಲಿ ಒಂದೇ ಪಾಲು ತಲುಪಿದೆ! ಅದನ್ನ ತಿಂದಿರೋದು ಗೋಡೆ ಮತ್ತು ಎಲೆ, ದೂರ ಅಲ್ಲ. ಬ್ಯಾಂಡ್ ಬದಲಾಯಿಸಿ 9 ಡಿಬಿ ಗಳಿಸೋಕಿಂತ ಆ 24ರಲ್ಲಿ ಅರ್ಧ ಉಳಿಸಿದರೂ ಲಾಭ ಹೆಚ್ಚು.

ನನಗೂ ಇದೇ ಆಗಿತ್ತು. ಒಣ ದಿನದಲ್ಲಿ ಓಡ್ತಿದ್ದ ಲಿಂಕ್ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಆಕಾಶ ತಿಳಿಯಾಗಿತ್ತು, ಆದರೆ ಆಂಟೆನಾ ಎದುರಿನ ಕೊಂಬೆಯ ಎಲೆಗಳಿಂದ ನೀರು ತೊಟ್ಟಿಕ್ಕುತ್ತಾ ಇತ್ತು. ಕಂಬವನ್ನ ಕೊಂಬೆಗಿಂತ ಮೇಲಕ್ಕೆ ಎತ್ತಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಪವರ್ ಒಂದು ಚೂರೂ ಹೆಚ್ಚಿಸಿರಲಿಲ್ಲ. ಬರೀ ರೂಟರ್ ಕಡೆ ಪವರ್ ಹೆಚ್ಚಿಸಿದ್ರೆ ಪ್ರಯೋಜನವೂ ಇಲ್ಲ, ಕ್ಯಾಮೆರಾದ ಸಣ್ಣ ದನಿ ವಾಪಸ್ ಬರಬೇಕಲ್ಲ.

ಕ್ಯಾಮೆರಾಗೆ ನಾನು ಹೇಳೋದು 5 ಗಿಗಾಹರ್ಟ್ಸೇ, ಆದರೆ ಡಬ್ಬಿಯಂಥ ದಿಕ್ಕಿನ ಆಂಟೆನಾ (ಒಂದೇ ಕಡೆಗೆ ಸಿಗ್ನಲ್ ಬಿಡೋದು) ಇರೋ ರೇಡಿಯೋ ಜೋಡಿ: ಒಂದು ಮನೆಯ ಹೊರಗೆ ಎತ್ತರದಲ್ಲಿ, ಇನ್ನೊಂದು ಶೆಡ್ ಮೇಲೆ, ಮುಖಾಮುಖಿ. ಮೇಲೆ ಹೇಳಿದ ಆಂಟೆನಾ ಲೆಕ್ಕ ಇಲ್ಲಿ ತಿರುಗಿಬೀಳುತ್ತೆ. ಆಂಟೆನಾದ ಅಳತೆ ಅಷ್ಟೇ ಇಟ್ಟರೆ, ಅಲೆ ಚಿಕ್ಕದಾದಷ್ಟೂ ಸಿಗ್ನಲ್ಲನ್ನ ಬಿಗಿಯಾಗಿ ಒಂದೇ ಕಡೆ ಒಟ್ಟುಗೂಡಿಸಬಹುದು. ಎರಡೂ ತುದಿಯಲ್ಲಿ ಅಂಥದ್ದೇ ಇದ್ದರೆ, ಬಯಲಲ್ಲಿ 5 ಗಿಗಾಹರ್ಟ್ಸ್ 2.4ನ್ನ ಮೀರಿಸುತ್ತೆ. ಮರದ ನಡುವೆ ಅಲ್ಲ, ಎಲೆ 5ನ್ನ ಇನ್ನೂ ಜಾಸ್ತಿ ತಿನ್ನುತ್ತೆ. ಹಾಗಾಗಿ ಎದುರಿನದು ಕಣ್ಣಿಗೆ ಕಾಣಲೇಬೇಕು. ಕಂಡರಷ್ಟೇ ಸಾಲದು, 150 ಮೀಟರಿನ ನಡುಭಾಗದಲ್ಲಿ ಆ ಗೆರೆಯ ಸುತ್ತ ಒಂದು ಮೀಟರಾದರೂ ಖಾಲಿ ಇರಲಿ. ಮರ ಅಷ್ಟು ಎತ್ತರ ಇದ್ದು ಕಂಬ ಹಾಕೋಕೆ ಆಗದಿದ್ದರೆ ಮಾತ್ರ 2.4ರ ದಿಕ್ಕಿನ ಆಂಟೆನಾಗೆ ಹೋಗಿ. ಆಗ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ, 40 ಬೇಡ. ಅಗಲ ಎರಡರಷ್ಟಾದರೆ ಗದ್ದಲವೂ 3 ಡಿಬಿ ಏರುತ್ತೆ. ರೇಡಿಯೋವನ್ನೇ ಹೊರಗಿಟ್ಟು ಈಥರ್‌ನೆಟ್ ತಂತಿ ಎಳೆಯಿರಿ. ಉದ್ದದ ಆಂಟೆನಾ ಕೇಬಲ್ ಎಳೆದರೆ ಗಳಿಸಿದ ಡಿಬಿಯೆಲ್ಲ ಅದರಲ್ಲೇ ಕಳೆದುಹೋಗುತ್ತೆ.

ಸೆನ್ಸರ್ ವಿಷಯ ಸುಲಭ. ಲೋರಾ −130 ಡಿಬಿಎಂ ಹತ್ತಿರದ ಸಿಗ್ನಲ್ಲನ್ನೂ ಓದುತ್ತೆ. ನಿಮ್ಮ 400 ಮೀಟರಿಗೆ ಬಯಲಲ್ಲಿ ಸುಮಾರು −70 ಬರುತ್ತೆ, ಅಂದರೆ ಮರ ತಿನ್ನೋಕೆ ಇನ್ನೂ 60 ಡಿಬಿ ಕೈಯಲ್ಲಿದೆ. ಈ ದೂರ ಬರೀ ಕಡಿಮೆ ಫ್ರೀಕ್ವೆನ್ಸಿಯಿಂದ ಬಂದದ್ದಲ್ಲ, ನಿಧಾನವಾಗಿ ಮಾತಾಡೋದರಿಂದ ಬಂದದ್ದು. ಸೆಕೆಂಡಿಗೆ ಕೆಲವು ಕಿಲೋಬಿಟ್, ಕೆಲವೊಮ್ಮೆ ಅದಕ್ಕೂ ಕಡಿಮೆ. ತೇವದ ಅಂಕಿಗೆ ಧಾರಾಳ, ವಿಡಿಯೋಗೆ ಸಾಧ್ಯವೇ ಇಲ್ಲ. ಒಂದು ಎಚ್ಚರಿಕೆ: 866ರಲ್ಲಿ ಅಲೆಯುದ್ದ 35 ಸೆಂ.ಮೀ., ಅದಕ್ಕೆ ಬೇಕಾದ ಖಾಲಿ ಜಾಗವೂ ದೊಡ್ಡದು. ಆಂಟೆನಾನ ನೆಲಕ್ಕೆ ಅಂಟಿಸಿ ಇಡಬೇಡಿ, ಆಳೆತ್ತರದ ಕೋಲಿಗೆ ಕಟ್ಟಿ. ಯಾವ ಬ್ಯಾಂಡ್, ಎಷ್ಟು ಪವರ್ ಅನ್ನೋದು ದೇಶಕ್ಕೊಂದು ನಿಯಮ, ಆದ್ದರಿಂದ ಮಾಡ್ಯೂಲ್ ತರೋ ಮೊದಲು ಅದು ನಿಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡಿನದೇ ಅಂತ ಖಚಿತ ಮಾಡಿಕೊಳ್ಳಿ.

ಏನೂ ಕೊಳ್ಳೋ ಮೊದಲು ಫೋನಿನಲ್ಲಿ ಸಿಗ್ನಲ್ ಅಳೆಯೋ ಆ್ಯಪ್ ಹಾಕಿ 2.4ರಲ್ಲಿ ಮೂರು ಕಡೆ ನೋಡಿ: ರೂಟರ್ ಕೋಣೆಯ ಗೋಡೆಯ ಹೊರಗೆ, ಮರದ ಸಾಲಿಗೆ ಮುಂಚೆ, ಸಾಲು ದಾಟಿದ ಮೇಲೆ. ಫೋನನ್ನ ಎರಡು ಬೆರಳಿನಗಲ ಸರಿಸಿದರೂ ಅಂಕಿ ಜಿಗಿಯುತ್ತೆ, ಗೋಡೆ–ನೆಲಕ್ಕೆ ಬಡಿದು ಬಂದ ಅಲೆಗಳು ಅಲ್ಲಲ್ಲಿ ಒಂದನ್ನೊಂದು ಕಡಿಯುತ್ತವೆ. ಅದಕ್ಕೇ ಪ್ರತಿ ಜಾಗದಲ್ಲೂ ಆಚೀಚೆ ಸರಿದು ಹತ್ತು ಸಲ ಓದಿ, ಮಧ್ಯದ ಅಂಕಿ ಬರೆದುಕೊಳ್ಳಿ. ಆ ಮೂರು ಅಂಕಿ ಇಲ್ಲಿ ಹಾಕಿ, 24 ಡಿಬಿಯಲ್ಲಿ ಗೋಡೆಯ ಪಾಲೆಷ್ಟು ಮರದ ಪಾಲೆಷ್ಟು ಅಂತ ಲೆಕ್ಕ ಹಾಕಿ ಕಂಬದ ಎತ್ತರ ಹೇಳ್ತೀನಿ.