ಬೋರ್ಡು ಆಮೇಲೆ, ಮೊದಲು ಏಣಿ ನೋಡಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಿತ್ತು, ಆದರೆ ಬೇಡದ ಸಾಲು ಒಂದೂ ಇರಲಿಲ್ಲ. ಬೇರೆಯವರಿಗೂ ಗೊತ್ತಾಗಲಿ ಎಂದು ಚಿಕ್ಕದಾಗಿ ಹೇಳುತ್ತೇನೆ. ನೀವು ಸುಮಾರು ನಲವತ್ತು ದೋಣಿಗಳ ಪುಟ್ಟ ಬಂದರಿನ ಸಮಿತಿಯ ಕಾರ್ಯದರ್ಶಿ. ಸಂಬಳದ ಸಿಬ್ಬಂದಿ ಯಾರೂ ಇಲ್ಲ. ಎಚ್ಚರಿಕೆಯ ಬೋರ್ಡುಗಳಿವೆ. ಲೈಫ್ ಜಾಕೆಟ್‌ಗಳೂ ಇವೆ, ಕಳುವಾಗಬಾರದು ಎಂದು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೀರಿ. ಹೋದ ತಿಂಗಳು ರಾತ್ರಿ ಒಬ್ಬರು ದೋಣಿಗೂ ಜೆಟ್ಟಿಗೂ ನಡುವೆ ಬಿದ್ದರು, ಮೂರು ಜನ ಸೇರಿದರೂ ಮೇಲೆತ್ತಲು ತುಂಬಾ ಹೊತ್ತು ಹಿಡಿಯಿತು. ಈಗ ಸಮಿತಿಯಲ್ಲಿ ಒಬ್ಬರು ಸಿಸಿಟಿವಿ ಬೇಕು ಎನ್ನುತ್ತಾರೆ, ಇನ್ನೊಬ್ಬರು ಅಲೆತಡೆಗೋಡೆಯನ್ನೇ ಉದ್ದ ಮಾಡಿಸಬೇಕು ಎನ್ನುತ್ತಾರೆ, ಮತ್ತೊಬ್ಬರಿಗೆ ಇನ್ನಷ್ಟು ಬೋರ್ಡು ಬೇಕು. "ಇರುವ ಸ್ವಲ್ಪ ದುಡ್ಡಿನಲ್ಲಿ ಎಲ್ಲಿಂದ ಶುರು ಮಾಡೋದು?" ಎಂದು ಕೇಳಿದ್ದೀರಿ.

ಏಣಿಯಿಂದ.

ತಮಾಷೆ ಮಾಡುತ್ತಿಲ್ಲ. ಪತ್ರದ ನಡುವೆ, ಬೇರೇನನ್ನೋ ಹೇಳುತ್ತಾ, "ಏಣಿ ಇತ್ತು, ಆದರೆ ಇಳಿತದ ಹೊತ್ತಾದ್ದರಿಂದ ಕೊನೆಯ ಮೆಟ್ಟಿಲು ನೀರಿನಿಂದ ಮೇಲಿತ್ತು" ಎಂದು ಬರೆದಿದ್ದೀರಿ. ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಬಟ್ಟೆ ನೆನೆದು ಭಾರವಾದ ಮನುಷ್ಯ ಬರೀ ತೋಳಿನ ಬಲದಿಂದ ಹತ್ತಲಾರ, ಎಷ್ಟೇ ಗಟ್ಟಿಮುಟ್ಟಾಗಿರಲಿ. ಕಾಲಿಗೆ ಆಸರೆ ನೀರಿನ ಒಳಗೇ ಸಿಗಬೇಕು. ಆದ್ದರಿಂದ ಏಣಿ ಅತಿ ದೊಡ್ಡ ಇಳಿತದ ಮಟ್ಟಕ್ಕಿಂತಲೂ ಕನಿಷ್ಠ 1 ಮೀಟರ್ ಕೆಳಗಿನವರೆಗೆ ಹೋಗಿರಬೇಕು. ಏಣಿಗಳ ನಡುವಿನ ಗೋಡೆಯಲ್ಲಿ ಹಿಡಿದುಕೊಳ್ಳಲು ಸರಪಳಿಯನ್ನೋ ಹಗ್ಗವನ್ನೋ ಇಳಿಬಿಟ್ಟಿರಬೇಕು. ತಣ್ಣನೆಯ ನೀರಾದರಂತೂ ಸಮಯವೇ ಇರುವುದಿಲ್ಲ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂದು ಹೇಳಿಕೊಡುತ್ತಾರೆ: ಏದುಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಇದು ಕೊರೆಯುವಷ್ಟು ತಣ್ಣಗಿರುವ ನೀರಿನ ಲೆಕ್ಕ. ಬೆಚ್ಚಗಿನ ನೀರಿನಲ್ಲಿ ಹೆಚ್ಚು ಹೊತ್ತು ಸಿಗುತ್ತದೆ ನಿಜ, ಆದರೆ ಅಲೆಗೆ ದೋಣಿ ಬಂದು ಗೋಡೆಗೆ ಒತ್ತುವುದಕ್ಕೂ ನೀರು ಬೆಚ್ಚಗಿರುವುದಕ್ಕೂ ಸಂಬಂಧವಿಲ್ಲ.

ಆ ಕಪಾಟಿನ ಬೀಗ ಇವತ್ತೇ ತೆಗೆಯಿರಿ. ಜಾಕೆಟ್ ಇರಬೇಕಾದದ್ದು ಜನರ ಮೈಮೇಲೆ. ಜೆಟ್ಟಿಯ ಉದ್ದಕ್ಕೂ ಬೇಕಾಗಿರುವುದು ಹಗ್ಗ ಕಟ್ಟಿದ ಲೈಫ್ ಬಾಯ್, ಅಂದರೆ ಬಿದ್ದವರಿಗೆ ಎಸೆಯುವ ತೇಲುವ ಬಳೆ, ಕತ್ತಲಲ್ಲೂ ಕೈಗೆ ಸಿಗುವ ಜಾಗದಲ್ಲಿ. ಕದ್ದರೆ ಇನ್ನೊಂದು ತಂದು ತೂಗುಹಾಕಿ. ವರ್ಷಕ್ಕೆ ಒಂದೆರಡು ಹೋಗುತ್ತವೆ ಎಂದು ಖರ್ಚಿನ ಪಟ್ಟಿಯಲ್ಲೇ ಬರೆದಿಡಿ. ನಿಮ್ಮವು ತಾನಾಗಿ ಗಾಳಿ ತುಂಬಿಕೊಳ್ಳುವ ಜಾಕೆಟ್‌ಗಳಾದರೆ ಒಳಗಿನ ಪುಟ್ಟ ಸಿಲಿಂಡರ್ ಬಿಚ್ಚಿ ತೂಕ ಮಾಡಿ. ಇರಬೇಕಾದ ತೂಕ ಅದರ ಮೇಲೆಯೇ ಒತ್ತಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದವು ತುಕ್ಕು ಹಿಡಿದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಉಪಸಮಿತಿಗಳ ವಿಷಯ. ಸುರಕ್ಷತೆಗೆ ಒಂದು, ದುರಸ್ತಿಗೆ ಇನ್ನೊಂದು ಅಂತೆ. ಯಾಕೆ? ಏಣಿಯ ಮೆಟ್ಟಿಲು ತುಕ್ಕು ತಿಂದು ಬಿದ್ದುಹೋದರೆ ಅದು ಯಾರ ಪಾಲಿಗೆ ಬರುತ್ತದೆ? ಸುರಕ್ಷತೆಯವರು ಬೋರ್ಡು ಬರೆಸುತ್ತಾರೆ, ದುರಸ್ತಿಯವರು ಮಳೆಗಾಲ ಮುಗಿಯಲಿ ಎನ್ನುತ್ತಾರೆ, ಏಣಿ ಹಾಗೇ ಇರುತ್ತದೆ. ಸಣ್ಣ ಬಂದರಿನಲ್ಲಿ ಇವೆರಡೂ ಒಂದೇ ಕೆಲಸ. ಎರಡನ್ನೂ ಸೇರಿಸಿಬಿಡಿ. ಒಂದು ಪುಸ್ತಕ ಇಡಿ, ವಾರಕ್ಕೊಮ್ಮೆ ಒಬ್ಬರು ಅದನ್ನು ಹಿಡಿದು ಬಂದರನ್ನು ಸುತ್ತಿ ಬರಲಿ. ಕಂಡದ್ದು, ಯಾರು ಸರಿ ಮಾಡಬೇಕು, ಯಾವಾಗ ಸರಿ ಆಯಿತು, ಇಷ್ಟು ಬರೆದರೆ ಸಾಕು. ಮೂರನೆಯದು ಖಾಲಿ ಉಳಿದಿದ್ದರೆ ಮುಂದಿನ ಸಭೆ ಅಲ್ಲಿಂದಲೇ ಶುರುವಾಗಲಿ.

ಆದರೆ ಸುತ್ತಾಡುವವರು ಮೇಲಿಂದ ಮಾತ್ರ ನೋಡಬಾರದು. ಮೇಲಿಂದ ನೋಡಿದರೆ ಎಲ್ಲ ಜೆಟ್ಟಿಯೂ ಚೆನ್ನಾಗಿಯೇ ಕಾಣುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಸಾಮಾನ್ಯವಾಗಿ ದೊಡ್ಡ ಇಳಿತ ಬರುತ್ತದಲ್ವಾ, ಆಗ ಸಣ್ಣ ದೋಣಿಯಲ್ಲಿ ಕೂತು ಗೋಡೆಯನ್ನು ನೀರಿನ ಕಡೆಯಿಂದ ನೋಡಿ. ಕಬ್ಬಿಣದ ಕಂಬಗಳಿದ್ದರೆ ಇಳಿತದ ಗೆರೆಯ ಹತ್ತಿರ ಕಿತ್ತಳೆ ಬಣ್ಣದ ಮೆತ್ತನೆಯ ಪದರ ಇದೆಯೇ ಎಂದು ಗಮನಿಸಿ. ಅದನ್ನು ಕೆರೆದಾಗ ಅಡಿಯಲ್ಲಿ ಕಪ್ಪು ಲೋಳೆ, ಅದರಡಿ ಹೊಳೆಯುವ, ಕುಳಿ ಬಿದ್ದ ಲೋಹ ಕಂಡರೆ ಕೂಡಲೇ ಎಂಜಿನಿಯರನ್ನು ಕರೆಸಿ. ಇದು ಮಾಮೂಲಿ ತುಕ್ಕಲ್ಲ. ಸೂಕ್ಷ್ಮಜೀವಿಗಳು ಸೇರಿ ಮಾಡುವ ಕೆಲಸ, ಮಾಮೂಲಿ ತುಕ್ಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಕಬ್ಬಿಣ ತಿನ್ನುತ್ತದೆ. ಮೇಲೆ ಬಣ್ಣ ಹೊಸದಾಗಿರುತ್ತದೆ, ಕೆಳಗೆ ಕಂಬ ತೂತಾಗಿರುತ್ತದೆ. ಕಾಂಕ್ರೀಟಿನ ಕಥೆ ಬೇರೆ. ಉಪ್ಪು ಮೆಲ್ಲಗೆ ಒಳಗಿನ ಸರಳಿನವರೆಗೆ ಹೋಗುತ್ತದೆ, ಸರಳು ತುಕ್ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಕಾಂಕ್ರೀಟು ಸೀಳುತ್ತದೆ. ಜಾಸ್ತಿ ಹಾಳಾಗುವುದು ಸದಾ ಮುಳುಗಿರುವ ಭಾಗವಲ್ಲ, ನೆನೆದು ಒಣಗಿ ಮತ್ತೆ ನೆನೆಯುವ ಭಾಗ. ಸೀಳಿನಿಂದ ಕಂದು ಬಣ್ಣ ಇಳಿದಿದ್ದರೆ ಮೇಲೆ ಸಿಮೆಂಟು ಮೆತ್ತಿ ಮುಚ್ಚಬೇಡಿ. ಹಾಗೆ ಮಾಡಿದರೆ ರೋಗ ಒಳಗೇ ಬೆಳೆಯುತ್ತದೆ.

ಹಗ್ಗ, ಫೆಂಡರ್ (ದೋಣಿ ಗೋಡೆಗೆ ಉಜ್ಜದಂತೆ ನಡುವೆ ಇಡುವ ಮೆತ್ತೆ), ಹಗ್ಗ ಕಟ್ಟುವ ಗೂಟಗಳ ಬಗ್ಗೆ ನಿಮ್ಮ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಮಾತು: ಬಿಗಿಯಾದ ನೈಲಾನ್ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ನೈಲಾನ್ ತುಂಬಾ ಹಿಗ್ಗುತ್ತದೆ, ಕಡಿದಾಗ ಅಷ್ಟೂ ಬಲದಿಂದ ಹಿಂದಕ್ಕೆ ಬಡಿಯುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಇರಬೇಕಿದ್ದ ವಿಷಯ ಒಂದಿದೆ. ಮೀನು ತುಂಬಿಡುವ ದೋಣಿಯ ಒಳಕೋಣೆ. ಅದು ದೋಣಿಯವರ ಜವಾಬ್ದಾರಿ, ಬಂದರಿನದ್ದಲ್ಲ ಎಂದು ಕೆಲವರು ಹೇಳಬಹುದು, ಆದರೆ ಸಾವು ನಡೆಯುವುದು ನಿಮ್ಮ ಜೆಟ್ಟಿಯಲ್ಲೇ. ಕೊಳೆತ ಮೀನಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ, ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಆ ಅನಿಲಕ್ಕೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಪ್ರಮಾಣ ಹೆಚ್ಚಾದರೆ ಮೂಗೇ ಮಂಕಾಗಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಈಗ ಇಳಿಯಬಹುದು ಎಂದುಕೊಂಡವನು ಕೆಳಗೆ ಬೀಳುತ್ತಾನೆ. ಅವನನ್ನು ಎತ್ತಲು ತಮ್ಮನೋ ಗೆಳೆಯನೋ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಂಥ ಅಪಘಾತಗಳಲ್ಲಿ ಮತ್ತೆ ಮತ್ತೆ ಆಗುವುದು ಇದೇ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ, ಶೇ. 19.5ಕ್ಕಿಂತ ಕೆಳಗಿಳಿದರೆ ಆ ಜಾಗವನ್ನು ಅಪಾಯ ಎಂದೇ ಲೆಕ್ಕ ಹಾಕುತ್ತಾರೆ. ಗಾಳಿ ಅಳೆಯುವ ಮೀಟರ್ ಒಂದನ್ನು ಸಮಿತಿಯೇ ಕೊಂಡು ಎಲ್ಲ ದೋಣಿಗಳಿಗೂ ಕೊಡಲಿ. ಸಿಸಿಟಿವಿಗಿಂತ ಮೊದಲು ಇದು. ಮುಚ್ಚಳ ತೆರೆದು ಫ್ಯಾನ್ ಹಾಕಿ, ಅಳೆದು, ಮೇಲೆ ಒಬ್ಬರು ನಿಂತ ಮೇಲೆ ಇಳಿಯಬೇಕು. ಒಳಗೆ ಯಾರಾದರೂ ಬಿದ್ದರೆ ಉಸಿರಾಟದ ಸಾಧನ ಇಲ್ಲದವರು ಹಿಂದೆ ಇಳಿಯಲೇಬಾರದು. ಹೇಳುವುದು ಸುಲಭ, ತಮ್ಮ ಒಳಗೆ ಬಿದ್ದಿರುವಾಗ ಅಣ್ಣನನ್ನು ತಡೆಯುವುದು ಕಷ್ಟ. ಆದ್ದರಿಂದಲೇ ಇದನ್ನು ಮೊದಲೇ ಮಾತಾಡಿಕೊಂಡಿರಬೇಕು.

ಇಂಧನದ ವಿಷಯವೂ ಹೀಗೇ. ಪೆಟ್ರೋಲ್ ಆವಿ, ಅಡುಗೆ ಅನಿಲ ಎರಡೂ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತವೆ. ಇನ್ನು ವಿದ್ಯುತ್. ಜೆಟ್ಟಿಯ ಪ್ಲಗ್ಗುಗಳಿಗೆಲ್ಲ 30 ಮಿಲಿಆಂಪ್ ಸೋರಿದ ಕೂಡಲೇ ವಿದ್ಯುತ್ ಕಡಿಯುವ ಸಾಧನ ಇರಲಿ, ಅದರ ಟೆಸ್ಟ್ ಬಟನ್ ಒತ್ತಿ ನೋಡುವುದು ವಾರದ ಆ ಸುತ್ತಿನ ಭಾಗವಾಗಲಿ.

ಈಗ ಅಲೆತಡೆಗೋಡೆ. ಸ್ವಲ್ಪ ತಡೆಯಿರಿ ಎಂದೇ ಹೇಳುತ್ತೇನೆ. ದಡದ ಉದ್ದಕ್ಕೂ ಮರಳು ಸದಾ ಹರಿಯುತ್ತಿರುತ್ತದೆ. ಗೋಡೆ ಅದನ್ನು ಒಂದು ಬದಿಯಲ್ಲಿ ತಡೆದು ಕೂಡಿಸುತ್ತದೆ, ಇನ್ನೊಂದು ಬದಿಯ ದಡ ಕೊರೆಯುತ್ತಾ ಹೋಗುತ್ತದೆ, ಕೆಲವೊಮ್ಮೆ ತುದಿ ಸುತ್ತಿ ಬಂದ ಮರಳು ನಿಮ್ಮ ಬಂದರಿನ ಬಾಗಿಲಲ್ಲೇ ಬೀಳುತ್ತದೆ. ಒಳಗಿನ ಗೋಡೆ ನೇರವಾದ ಕಾಂಕ್ರೀಟಾಗಿದ್ದರೆ ಅಲೆ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಕಲ್ಲು ಪೇರಿಸಿದ ಇಳಿಜಾರಾದರೆ ಬಹಳಷ್ಟು ಅಲ್ಲೇ ಇಂಗುತ್ತದೆ. ಇದನ್ನೆಲ್ಲ ಲೆಕ್ಕ ಹಾಕದೆ ಗೋಡೆ ಬೆಳೆಸಿದರೆ ಒಳಗಿನ ದೋಣಿಗಳು ಮೊದಲಿಗಿಂತ ಜಾಸ್ತಿ ಕುಣಿಯಬಹುದು. ಮೊದಲು ಆಳ ಅಳೆಯಿರಿ. ಗುಂಡು ಕಟ್ಟಿದ, ಗುರುತು ಹಾಕಿದ ಹಗ್ಗ ಸಾಕು. ಪ್ರತಿ ಸಲವೂ ಅದೇ ಜಾಗಗಳಲ್ಲಿ ಅಳೆದು, ಸಮಯ ಬರೆದು, ಉಬ್ಬರ ಇಳಿತದ ವ್ಯತ್ಯಾಸ ಕಳೆಯಿರಿ. ಒಂದೆರಡು ವರ್ಷ ಹೀಗೆ ಮಾಡಿದರೆ ಹೂಳು ಎಲ್ಲಿ ಕೂರುತ್ತದೆ, ಪ್ರೊಪೆಲರ್‌ಗಳು ಗೋಡೆಯ ಬುಡವನ್ನು ಎಲ್ಲಿ ಕೊರೆಯುತ್ತಿವೆ ಎಂದು ಗೊತ್ತಾಗುತ್ತದೆ. ಎಂಜಿನಿಯರ್ ಬಂದಾಗಲೂ ಮೊದಲು ಕೇಳುವುದು ಆ ಲೆಕ್ಕವನ್ನೇ.

ಇಷ್ಟಕ್ಕೆಲ್ಲ ಯಾರ ಹೆಸರು? ನಿಮ್ಮ ಪತ್ರದಲ್ಲಿ ಎಲ್ಲ ಕಡೆ "ಸಮಿತಿ" ಇದೆ, ಒಬ್ಬ ಮನುಷ್ಯನೂ ಇಲ್ಲ. 1996ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ಬಂದರಿನ ಬಾಗಿಲಲ್ಲಿ ಸೀ ಎಂಪ್ರೆಸ್ ಎಂಬ ಟ್ಯಾಂಕರ್ ಬಂಡೆಗೆ ತಾಗಿ ಸುಮಾರು 72,000 ಟನ್ ಕಚ್ಚಾತೈಲ ಸಮುದ್ರಕ್ಕೆ ಹೋಯಿತು. ಆಮೇಲೆ, 2000ದಲ್ಲಿ, ಅಲ್ಲಿ ಬಂದರುಗಳಿಗೆ ಒಂದು ಸುರಕ್ಷತಾ ಸಂಹಿತೆ ಬಂತು. ಅದರ ಪ್ರಕಾರ ಬಂದರನ್ನು ನಡೆಸುವ ಮಂಡಳಿಯವರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಗಾರರು. ಅದರ ಜೊತೆಗೆ, ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಬೇರೆಯಾಗಿ ನಿಂತು ನೋಡಿ ಮಂಡಳಿಗೆ ನೇರವಾಗಿ ಹೇಳಲು ಒಬ್ಬರು ಇರಬೇಕು. ನಲವತ್ತು ದೋಣಿಯ ಬಂದರಿಗೆ ಅಷ್ಟೆಲ್ಲ ಕಾಗದಪತ್ರ ಬೇಡ. ಆದರೆ ಹಾಗೆ ಬೇರೆಯಾಗಿ ನಿಂತು ನೋಡುವವರು ಒಬ್ಬರು ಬೇಕೇ ಬೇಕು, ಮತ್ತು ಅವರು ಅಧ್ಯಕ್ಷರ ನೆಂಟರಾಗಿರಬಾರದು.

ಹಾಗೆಯೇ, ಜಾರಿಯೂ ಬೀಳದವರು, ಹಗ್ಗ ಕಡಿದರೂ ಪಾರಾದವರು ಬಂದು ಹೇಳಿಕೊಂಡರೆ ಬೈಯಬೇಡಿ. ಒಮ್ಮೆ ಬೈದರೆ ಮುಂದೆ ಯಾರೂ ಹೇಳುವುದಿಲ್ಲ. ಹೆಸರಿಲ್ಲದೆ ಪುಸ್ತಕದಲ್ಲಿ ಬರೆದುಕೊಳ್ಳಿ.

ಕೊನೆಗೆ ಸಿಸಿಟಿವಿ. ಇಂಧನ ಕಳ್ಳತನ ಇದ್ದರೆ ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ರಾತ್ರಿ ಬಿದ್ದವರನ್ನು ಅದು ಮೇಲೆತ್ತುವುದಿಲ್ಲ, ಬಿದ್ದದ್ದನ್ನು ಬೆಳಿಗ್ಗೆ ತೋರಿಸುತ್ತದೆ ಅಷ್ಟೇ. ಆ ದುಡ್ಡಿನಲ್ಲಿ ಮೊದಲು ಏಣಿ, ಆಮೇಲೆ ಮೀಟರ್, ಆಮೇಲೆ ದೀಪ. ದೀಪ ಹಾಕಿಸುವಾಗ ಮುಖ ಕೆಳಗೆ, ಜೆಟ್ಟಿಯ ಅಂಚಿನ ಮೇಲೆ ಇರಲಿ. ಸಮುದ್ರದ ಕಡೆ ತಿರುಗಿಸಿದರೆ ಒಳಗೆ ಬರುವ ದೋಣಿಯವರ ಕಣ್ಣು ಕೋರೈಸಿ, ಬಾಗಿಲಿನ ಕೆಂಪು ಹಸಿರು ದೀಪಗಳೂ ಕಾಣದಂತಾಗುತ್ತದೆ. ಕಂಬ ಹಾಕಿಸಿದ ದಿನವೇ ರಾತ್ರಿ ಒಂದು ದೋಣಿಯನ್ನು ಹೊರಗೆ ಕಳಿಸಿ, ಒಳಗೆ ಬರುವಾಗ ಏನು ಕಾಣುತ್ತದೆ ಎಂದು ಕೇಳಿ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಹಣ ಕೊಡಿ.

- ಸಂ.