ಕೈಯಲ್ಲಿ ನಿಲ್ಲದ ಐದು: ಹಾಡು ಕೇಳುತ್ತ ಲೆಕ್ಕ ಮಾಡುವ ಬಾಲಕಿಯ ಪ್ರಕರಣ

ಬಳ್ಳಾರಿಯ ಹಳೆಯ ಬಡಾವಣೆಯೊಂದರಿಂದ ತಾಯಿಯೊಬ್ಬರು ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಗುರುತು ಸಿಗಬಾರದೆಂದು ಕುಟುಂಬದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಕಿವಿಗೆ ಇಯರ್‌ಫೋನ್ ಇಲ್ಲದಿದ್ದರೆ ಮಗಳು ಗಣಿತದ ಪುಸ್ತಕವನ್ನೇ ಮುಟ್ಟುವುದಿಲ್ಲ ಎಂಬುದು ಅವರ ದೂರಾಗಿತ್ತು. ಲಾರಿ ಓಡಿಸುವ ತಂದೆ ಮನೆಗೆ ಬಂದಾಗಲೆಲ್ಲ ಅದನ್ನು ಕಿತ್ತಿಡುತ್ತಿದ್ದರು. ಚಿಕ್ಕಪ್ಪನಾದರೋ ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿದರೆ ಲೆಕ್ಕ ತಾನಾಗಿ ಬರುತ್ತದೆಂದು ಹೇಳಿ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ತಾಯಿ ಸೋತಿದ್ದರು.

ನಾನು ಮೊದಲು ಬಾಲಕಿಯ ನೋಟ್‌ಪುಸ್ತಕ ನೋಡಿದೆ. 478ನ್ನು 7ರಿಂದ ಗುಣಿಸುವ ಲೆಕ್ಕಕ್ಕೆ 2846 ಎಂದು ಬರೆದಿದ್ದಳು. ಏಳೆಂಟ್ಲೆ ಐವತ್ತಾರು, ಆರು ಬರೆದು ಐದು ಕೈಯಲ್ಲಿ. ಏಳೇಳ್ಲೆ ನಲವತ್ತೊಂಬತ್ತು, ಐದು ಸೇರಿಸಿ ಐವತ್ತನಾಲ್ಕು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ. ಮತ್ತೆ ಕೈಯಲ್ಲಿ ಉಳಿಯಬೇಕಿದ್ದ ಐದು ಮಾತ್ರ ಕೊನೆಯ ಇಪ್ಪತ್ತೆಂಟಕ್ಕೆ ಸೇರಿಲ್ಲ. ಮುಂದಿನ ಪುಟಗಳಲ್ಲಿಯೂ ಬಹುಪಾಲು ತಪ್ಪುಗಳು ಇದೇ ಜಾತಿಯವು. ಮಗ್ಗಿ ಅವಳಿಗೆ ಚೆನ್ನಾಗಿ ಬರುತ್ತದೆ, ಮಾಡುವ ಕ್ರಮವೂ ಗೊತ್ತಿದೆ, ಆದರೆ ನಡುವೆ ನೆನಪಿಟ್ಟುಕೊಳ್ಳಬೇಕಾದ ಅಂಕಿ ಜಾರಿಹೋಗುತ್ತದೆ.

ಆ ಅಂಕಿ ನಿಲ್ಲುವ ಜಾಗ ಬಹಳ ಕಿರಿದು. ಬ್ಯಾಡ್ಲಿ ಮತ್ತು ಹಿಚ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ವಿವರಿಸಿದ ಕಾರ್ಯಸ್ಮೃತಿಯಲ್ಲಿ, ಎಂದರೆ ಕೆಲಸ ಮಾಡುತ್ತಿರುವಷ್ಟು ಹೊತ್ತು ಬೇಕಾದುದನ್ನು ಹಿಡಿದಿಡುವ ನೆನಪಿನಲ್ಲಿ, ಕೇಳಿದ ಮಾತನ್ನೂ ನಾವು ಒಳಗೊಳಗೇ ಹೇಳಿಕೊಳ್ಳುವ ಮಾತನ್ನೂ ಕೆಲವು ಕ್ಷಣ ಹಿಡಿದಿಡುವ ಒಂದು ಭಾಗವಿದೆ. ‘ಐದು ಕೈಯಲ್ಲಿ’ ಎಂದು ಮಗು ಮನಸ್ಸಿನಲ್ಲೇ ಅಂದುಕೊಳ್ಳುವುದು ಅಲ್ಲಿಯೇ. ಸಾಹಿತ್ಯವಿರುವ ಹಾಡು ಕಿವಿಗೆ ಬಿದ್ದಾಗ, ಗಮನ ಕೊಡದಿದ್ದರೂ, ಅದರ ಪದಗಳು ಅದೇ ಜಾಗಕ್ಕೆ ನುಗ್ಗುತ್ತವೆ. ‘ನಾವು ಮನೆಯಲ್ಲಿ ಮಾತಾಡುವುದು ಕನ್ನಡ, ಅವಳು ಕೇಳುವುದು ತಮಿಳು ಹಾಡು, ಅರ್ಥವೇ ಆಗದ ಮೇಲೆ ತೊಂದರೆಯೇನು?’ ಎಂದು ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ಇಂಗ್ಲಿಷ್ ಮಾತಾಡುವವರಿಗೆ ಜರ್ಮನ್ ಓದನ್ನು ಕೇಳಿಸಿ 1976ರಲ್ಲಿ ನಡೆಸಿದ ಪ್ರಯೋಗದಲ್ಲಿ, ಅರ್ಥವಾಗದ ಭಾಷೆಯೂ ಕ್ರಮವಾಗಿ ನೆನಪಿಡುವ ಕೆಲಸವನ್ನು ಕೆಡಿಸಿತ್ತು.

ಹೀಗೆಂದು ತಿಳಿದಿದ್ದ ನಾನು ಮೊದಲ ಭೇಟಿಯಲ್ಲಿ ಒಂದು ವಾರ ಹಾಡನ್ನು ಪೂರ್ತಿ ನಿಲ್ಲಿಸುವಂತೆ ಹೇಳಿ ಕಳುಹಿಸಿದೆ. ಅದು ಅವಸರದ ಸಲಹೆಯಾಯಿತು. ಆ ವಾರ ಬಾಲಕಿ ಮೂರು ದಿನ ಪುಸ್ತಕ ತೆರೆಯಲೇ ಇಲ್ಲ, ತೆರೆದ ದಿನ ಅತ್ತಳು. ಎರಡನೆಯ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಅವಳು ತಲೆ ಎತ್ತದೆ ಹೇಳಿದಳು: ‘ಹಾಡು ಇಲ್ಲಂದ್ರ ಅವ್ವನ ಮಷೀನ್ ಸಪ್ಪಳ ಕೇಳಸ್ತೈತ್ರಿ ಮೇಡಂ. ಅದು ನಿಂತ್ರ, ತಪ್ಪಾತು, ತಪ್ಪಾತು ಅಂತ ತಲ್ಯಾಗ ಅನಸ್ತೈತಿ.’

ಬಳ್ಳಾರಿಯ ಜೀನ್ಸ್ ಉದ್ಯಮವನ್ನು ಬಲ್ಲವರಿಗೆ ಮೊದಲನೆಯ ಮಾತು ತಟ್ಟನೆ ಅರ್ಥವಾಗುತ್ತದೆ. ಆ ತಾಯಿ ಪೀಸಿನ ಲೆಕ್ಕದಲ್ಲಿ ಮನೆಯಲ್ಲಿಯೇ ಪ್ಯಾಂಟು ಹೊಲಿಯುತ್ತಾರೆ. ಮನೆಯೆಂದರೆ ಒಂದೇ ಕೋಣೆ, ಮೋಟಾರು ಹಾಕಿದ ಯಂತ್ರಕ್ಕೂ ಮಗಳ ಚಾಪೆಗೂ ನಡುವೆ ನಾಲ್ಕು ಮಾರೂ ಇಲ್ಲ. ದಪ್ಪ ಬಟ್ಟೆಯ ಮೇಲೆ ಸೂಜಿ ಒಮ್ಮೆ ಓಡಿ ಒಮ್ಮೆ ನಿಲ್ಲುವ ಆ ಸಪ್ಪಳಕ್ಕೆ ಹಾಡು ಒಂದು ತೆರೆಯಾಗಿತ್ತು. ಎರಡನೆಯ ಮಾತು ಇನ್ನೂ ಆಳದ್ದು. ಲೆಕ್ಕದ ಭಯವೂ ಕಾರ್ಯಸ್ಮೃತಿಯ ಜಾಗವನ್ನೇ ತಿನ್ನುತ್ತದೆ ಎಂಬುದನ್ನು 2001ರ ಅಧ್ಯಯನವೊಂದು ತೋರಿಸಿದೆ, ಅದರಲ್ಲಿಯೂ ಅಂಕಿಯನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಲೆಕ್ಕಗಳಲ್ಲಿ. ಹಾಡು ಅವಳ ಐದನ್ನು ಕಸಿದುಕೊಳ್ಳುತ್ತಿತ್ತು ನಿಜ. ಅದನ್ನು ತೆಗೆದಾಗ ಆ ಜಾಗಕ್ಕೆ ಭಯ ಬಂದು ಕುಳಿತಿತು.

ಚಿಕ್ಕಪ್ಪನ ಮಾತಿಗೂ ಉತ್ತರ ಕೊಡಬೇಕಿತ್ತು. ಮೊಜಾರ್ಟ್ ಕುರಿತ ಆ ನಂಬಿಕೆ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಿಂದ ಹುಟ್ಟಿದ್ದು. ಅದರಲ್ಲಿದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಸಂಗೀತ ಕೇಳಿಸಿದ್ದು ಪರೀಕ್ಷೆಗೆ ಮೊದಲು, ಪರೀಕ್ಷೆಯ ಜೊತೆಗಲ್ಲ. ಪರೀಕ್ಷಿಸಿದ್ದು ಆಕೃತಿಗಳನ್ನು ಮನಸ್ಸಿನಲ್ಲಿ ಕಲ್ಪಿಸುವ ಶಕ್ತಿಯನ್ನು, ಗಣಿತವನ್ನಲ್ಲ. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಲವಲವಿಕೆಯ ಸಂಗೀತ ಮನಸ್ಸನ್ನು ಹುರುಪುಗೊಳಿಸಿದ್ದೇ ಅದಕ್ಕೆ ಕಾರಣವೆಂದು ಮುಂದಿನ ಸಂಶೋಧಕರು ಕಂಡುಕೊಂಡರು. ಹಾಗೆಂದು ಸಂಗೀತದಿಂದ ಏನೂ ಇಲ್ಲವೆನ್ನಲಾಗದು. ಇಂಗ್ಲೆಂಡಿನಲ್ಲಿ ಹತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಶಾಂತ ಸಂಗೀತ ಕೇಳಿಸಿ ಲೆಕ್ಕ ಮಾಡಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಸಾಧನೆ ಉತ್ತಮವಾಗಿತ್ತು. ಗದ್ದಲದ, ಮನಸ್ಸು ಕದಡುವ ಸಂಗೀತ ಅದೇ ವಯಸ್ಸಿನವರ ನೆನಪಿನ ಕೆಲಸವನ್ನು ಕೆಡಿಸಿತ್ತು.

ಆದ್ದರಿಂದ ಎರಡನೆಯ ಬಾರಿ ನಾನು ಕೊಟ್ಟ ಸಲಹೆ ಬೇರೆಯಾಗಿತ್ತು. ಲೆಕ್ಕಕ್ಕೆ ಕೂರುವ ಮೊದಲು ಇಷ್ಟದ ಎರಡು ಹಾಡನ್ನು ಮನಸಾರೆ ಕೇಳಬೇಕು. ಅದು ಅವಳ ಹಕ್ಕು, ಯಾರೂ ಕಿತ್ತುಕೊಳ್ಳಬಾರದು. ನಂತರದ ಅರ್ಧ ಗಂಟೆ ಮಾತಿರುವ ಹಾಡು ಬೇಡ. ಆ ಅರ್ಧ ಗಂಟೆ ತಾಯಿಯೂ ಯಂತ್ರ ನಿಲ್ಲಿಸಿ, ಹೇಗೂ ಮಾಡಲೇಬೇಕಾದ ದಾರ ಕತ್ತರಿಸುವ ಕೆಲಸವನ್ನು ಹಿಡಿಯಬೇಕು, ಪೀಸಿಗೂ ನಷ್ಟವಿಲ್ಲ. ಆರ್ಡರಿನ ಒತ್ತಡವಿದ್ದು ಯಂತ್ರ ನಿಲ್ಲಿಸಲಾಗದ ದಿನ ಕೊಳಲನ್ನೋ ವೀಣೆಯನ್ನೋ ಸಣ್ಣ ದನಿಯಲ್ಲಿ ಹಾಕಿಕೊಳ್ಳಬಹುದು. ಮುಗಿದ ಲೆಕ್ಕವನ್ನು ನಕಲು ಮಾಡುವಾಗ, ಚಿತ್ರಕ್ಕೆ ಬಣ್ಣ ತುಂಬುವಾಗ ಯಾವ ಹಾಡಾದರೂ ಅಡ್ಡಿಯಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಉಳಿದ ಅಂಕಿಯನ್ನು ಮನಸ್ಸಿನಲ್ಲಿ ಹೊರದೆ ಸಾಲಿನ ಮೇಲೆ ಚಿಕ್ಕದಾಗಿ ಬರೆದಿಡಬೇಕು. ಹಾಗೆ ಬರೆಯುವುದು ದಡ್ಡರ ಕೆಲಸವೆಂದು ಯಾರೋ ಅವಳಿಗೆ ಹೇಳಿದ್ದರಂತೆ. ಕೇಳಿ ನನಗೆ ಬಹಳ ನೋವಾಯಿತು. ತಂದೆಯೊಡನೆ ಫೋನಿನಲ್ಲಿ ಮಾತಾಡಿ, ‘ಎಷ್ಟು ತಪ್ಪಾತು?’ ಎಂಬುದರ ಬದಲು ‘ಯಾವುದನ್ನು ಹೆಂಗ ಮಾಡಿದೆ, ತೋರಿಸು ಮಗಳ’ ಎಂದು ಕೇಳುವಂತೆ ವಿನಂತಿಸಿದೆ.

ಮೂರನೆಯ ಭೇಟಿಗೆ ಬಂದಾಗ ನೋಟ್‌ಪುಸ್ತಕದಲ್ಲಿ ಅಂಕಿಗಳ ನೆತ್ತಿಯ ಮೇಲೆ ಸಣ್ಣ ಐದು, ಸಣ್ಣ ಮೂರು ಕಾಣುತ್ತಿದ್ದವು. ಹತ್ತರಲ್ಲಿ ಮೂರು ಲೆಕ್ಕ ಇನ್ನೂ ತಪ್ಪಾಗಿದ್ದವು, ಆದರೆ ಎರಡನ್ನು ಅವಳೇ ಕಂಡುಹಿಡಿದು ಹೊಡೆದುಹಾಕಿ ಪಕ್ಕದಲ್ಲಿ ಸರಿಯುತ್ತರ ಬರೆದಿದ್ದಳು. ತಂದೆ ಮನೆಯಲ್ಲಿದ್ದ ಸಂಜೆ ಮಾತ್ರ ಮತ್ತೆ ಇಯರ್‌ಫೋನ್ ಬೇಕಾಯಿತೆಂದು ತಾಯಿ ತಿಳಿಸಿದರು. ಮುಂದಿನ ಬಾರಿ, ಲಾರಿ ಊರಲ್ಲಿರುವ ದಿನ ನೋಡಿಕೊಂಡು, ತಂದೆಯೂ ಜೊತೆಗೆ ಬರುವುದೆಂದು ನಿಶ್ಚಯಿಸಿದ್ದೇವೆ.