ಲೈಟ್ ಆರಿಹೋದ ಕ್ಲಾಸ್‌ರೂಮು

ನಿನ್ನ ಮೆಸೇಜ್ ಶುಕ್ರವಾರ ರಾತ್ರಿಯೇ ಓದಿದೆ. ಉತ್ತರ ಬರೆಯಲು ಭಾನುವಾರವೇ ಬೇಕಾಯಿತು. "ಅಕ್ಕಾ, ಟೀಚರ್ ಆಗಿ ಇಂಗ್ಲೆಂಡಿಗೆ ಬಂದು ಹತ್ತು ವಾರ ಆಯಿತು. ಇಯರ್ ನೈನ್ ಹುಡುಗರು, ಹದಿಮೂರು-ಹದಿನಾಲ್ಕು ವರ್ಷದವರು, ನನ್ನ ಉಚ್ಚಾರಣೆ ಅಣಕಿಸುತ್ತಾರೆ. ಈ ವಾರ ದಿನಾ ಅತ್ತಿದ್ದೇನೆ. ದೀಪ ಹಚ್ಚುವುದಕ್ಕೂ ಮನಸ್ಸಿಲ್ಲ. ನಿಮಗೆ ಧೈರ್ಯ ಎಲ್ಲಿಂದ ಬಂತು? ಕೆಲಸ ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ, ದೇವಸ್ಥಾನದ ವಿಷಯ. ಚಿಕ್ಕವಳು, ಅದಕ್ಕೇ ಏಕವಚನ. ಬೇಜಾರಿಲ್ಲ ಅಲ್ವಾ?

ಬಾಡಿಗೆ ಎಲ್ಲ ಕಡೆ ಜಾಸ್ತಿಯೇ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಸಿಕ್ಕರೆ ಬಿಡಬೇಡ. ಚಳಿಗೆ ಕೋಟ್‌ಗಿಂತ ಒಳ್ಳೆಯ ಶೂ ಮುಖ್ಯ. ಲಂಡನ್ನಿನ ನೀಸ್ಡನ್ ದೇವಸ್ಥಾನಕ್ಕೆ ಒಮ್ಮೆ ಹೋಗಿ ಬಾ, ಚೆನ್ನಾಗಿದೆ. ಆದರೆ ಅಳು ಬರುವುದು ಗುರುವಾರ, ದೇವಸ್ಥಾನಕ್ಕೆ ಬಿಡುವಾಗುವುದು ಶನಿವಾರ.

ಕೆಲಸ ಬಿಡುವ ಮಾತು. ಇಲ್ಲಿ ಹೆಚ್ಚಿನ ಶಾಲೆಗಳಲ್ಲಿ ಡಿಸೆಂಬರ್ ಕೊನೆಗೆ ಬಿಡಬೇಕಾದರೆ ಅಕ್ಟೋಬರ್ 31ರ ಒಳಗೆ ಪತ್ರ ಕೊಡಬೇಕು. ಆ ದಿನ ದಾಟಿದೆ. ಮುಂದಿನ ಗಡುವು ಫೆಬ್ರವರಿ ಕೊನೆ, ಅದು ಏಪ್ರಿಲ್‌ಗೆ ಬಿಡುವವರಿಗೆ. ನಿನ್ನ ವೀಸಾ ಶಾಲೆಯ ಸ್ಪಾನ್ಸರ್‌ಶಿಪ್ ಮೇಲಿದೆ, ಕೆಲಸ ಹೋದರೆ ಬೇರೆ ಸ್ಪಾನ್ಸರ್ ಹುಡುಕಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನ ಮಾತ್ರ ಕೊಡುತ್ತಾರೆ. ಹಾಗಾಗಿ ಭಾನುವಾರ ರಾತ್ರಿ ಕೂತು ರಾಜೀನಾಮೆ ಬರೆಯಬೇಡ. ಯೂನಿಯನ್ ಸೇರಿಲ್ಲದಿದ್ದರೆ ಈ ವಾರವೇ ಸೇರು. ಎಜುಕೇಶನ್ ಸಪೋರ್ಟ್ ಅನ್ನುವ ಸಂಸ್ಥೆಯ ಸಹಾಯವಾಣಿ ಶಿಕ್ಷಕರಿಗಾಗಿಯೇ ಇದೆ, 24 ಗಂಟೆ, ಉಚಿತ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ಇನ್ನು ಧೈರ್ಯದ ಪ್ರಶ್ನೆ.

ನಾನು ಬಂದಿದ್ದು 2008ರಲ್ಲಿ, ಸೈನ್ಸ್ ಕಲಿಸಲು. ಆಗ ನಮ್ಮಂಥವರಿಗೆ ಇಲ್ಲಿನ ಕ್ಯೂಟಿಎಸ್ (ಅರ್ಹ ಶಿಕ್ಷಕರು ಅನ್ನುವ ಅಧಿಕೃತ ಮಾನ್ಯತೆ) ಇಲ್ಲದೆ ನಾಲ್ಕು ವರ್ಷ ಕಲಿಸಲು ಅವಕಾಶವಿತ್ತು. 2023ರಿಂದ ನಿನ್ನಂಥ ಗಣಿತ, ವಿಜ್ಞಾನದವರು ಭಾರತದ ಅರ್ಹತೆ ತೋರಿಸಿ ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕಬಹುದು. ನನಗೆ ಆ ಭಾಗ್ಯ ಇರಲಿಲ್ಲ. ಊರಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವಳು ಇಲ್ಲಿ ಕಾಗದದ ಮೇಲೆ ಅನರ್ಹ ಶಿಕ್ಷಕಿ.

ನಾವು ಒಳಗೆ ಬಂದರೆ ಮಕ್ಕಳು ಎದ್ದು ನಿಲ್ಲುವುದನ್ನು ನೋಡಿ ಬಂದವರು, ನಿನಗೆ ಹೇಳಬೇಕಿಲ್ಲ. ಇಲ್ಲಿ ನಾನು ಒಳಗೆ ಬಂದದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗದ್ದಲ ಕೈಮೀರಿದರೆ 'ಆನ್ ಕಾಲ್' ಕರೆಯಬಹುದು, ಹಿರಿಯರೊಬ್ಬರು ಬಂದು ಆ ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ ಅಂತ ಮೊದಲ ದಿನವೇ ಹೇಳಿದ್ದರು. ನಾನು ಒಂದು ಟರ್ಮ್ ಪೂರ್ತಿ ಕರೆಯಲಿಲ್ಲ. ನಮ್ಮಲ್ಲಿ ಹೆಡ್‌ಮಾಸ್ಟರನ್ನು ಕ್ಲಾಸಿಗೆ ಕರೆಸುವುದು ಅಂದರೆ ಇವಳಿಗೆ ಪಾಠ ಮಾಡಲು ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಆ ಹಮ್ಮು ನನ್ನನ್ನು ಅರ್ಧ ತಿಂದುಹಾಕಿತು. ಪಕ್ಕದ ಕ್ಲಾಸಿನಲ್ಲಿ ಇಪ್ಪತ್ತು ವರ್ಷ ಕಲಿಸಿದವರು ವಾರಕ್ಕೆ ಎರಡು ಸಲ ಕರೆಯುತ್ತಿದ್ದರಂತೆ! ತಿಳಿದದ್ದು ಮಾರ್ಚ್‌ನಲ್ಲಿ.

ನವೆಂಬರಿನ ಒಂದು ಗುರುವಾರ ಕೊನೇ ಪೀರಿಯಡ್ ಮುಗಿದ ಮೇಲೆ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲ. ಹೊರಗೆ ಕತ್ತಲಾಗುತ್ತಿತ್ತು. ಆ ರೂಮಿನ ಲೈಟು ಸೆನ್ಸರಿನದು, ಯಾರೂ ಅಲ್ಲಾಡದಿದ್ದರೆ ತಾನೇ ಆರಿಹೋಗುತ್ತದೆ. ಆರಿಹೋಯಿತು. ನಾನು ಅಷ್ಟು ಅಲ್ಲಾಡದೆ ಕೂತಿದ್ದೆ. ದೇವರಿಗೆ ಬೈಯುತ್ತಿದ್ದೆ, ಕನ್ನಡದಲ್ಲೇ, ಮನಸ್ಸಿನಲ್ಲೇ. ಬಾಗಿಲು ತೆಗೆದುಕೊಂಡಿತು, ಲೈಟು ಹತ್ತಿತು. ಕ್ಲೀನಿಂಗ್‌ನವರು. ಪವಾಡ ಏನಲ್ಲ ಬಿಡು, ಅವರ ಕಸದ ಬುಟ್ಟಿಗೆ ಸೆನ್ಸರ್ ಎಚ್ಚರಾಯಿತು, ಅಷ್ಟೇ.

ಘಾನಾದವರು, ನನ್ನ ಅಮ್ಮನ ವಯಸ್ಸು. ನನ್ನ ಮುಖ ನೋಡಿ, ಹಳದಿ ರಬ್ಬರ್ ಗ್ಲೌಸ್ ಕಳಚಿ ಮೇಜಿನ ಮೇಲಿಟ್ಟರು. ಒದ್ದೆ ಗ್ಲೌಸ್, ಇಯರ್ ನೈನ್ ಪುಸ್ತಕಗಳ ಪಕ್ಕ. ನಿನಗಾಗಿ ಪ್ರಾರ್ಥನೆ ಮಾಡಲಾ ಅಂತ ಕೇಳಿದರು. ನಾನು ಹಿಂದೂ ಅಂದೆ. ಪರವಾಗಿಲ್ಲ ಅಂದರು. ನನ್ನ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ಎರಡು ನಿಮಿಷ ಇರಬಹುದು. ಒಂದು ಪದವೂ ಅರ್ಥವಾಗಲಿಲ್ಲ. ನಡುವೆ 'ಟೀಚರ್' ಅನ್ನುವುದೊಂದು ಕೇಳಿಸಿತು. ಆ ಶಾಲೆಯಲ್ಲಿ ನನ್ನನ್ನು ಮನಸಾರೆ ಟೀಚರ್ ಅಂದವರು ಅವರೇ ಮೊದಲು.

ಅವತ್ತು ರಾತ್ರಿ ದೀಪ ಹಚ್ಚಿದೆ. ಭಕ್ತಿ ಉಕ್ಕಿ ಅಲ್ಲ. ನನ್ನ ಪರವಾಗಿ ಬೇರೊಬ್ಬರು ದೇವರನ್ನು ಕೇಳಿಕೊಂಡ ಮೇಲೆ ನಾನು ಮುಖ ತಿರುಗಿಸಿಕೊಂಡಿರುವುದು ಮರ್ಯಾದೆ ಅಲ್ಲ ಅನ್ನಿಸಿತು. (ಊದಿನಕಡ್ಡಿ ಸ್ಮೋಕ್ ಅಲಾರಂ ಕೆಳಗೆ ಹಚ್ಚಬೇಡ. ಒಂದು ಸಲ ಇಡೀ ಬಿಲ್ಡಿಂಗ್ ಕೆಳಗಿಳಿದಿತ್ತು.) ಶುಕ್ರವಾರ ಹುಡುಗರು ಹಾಗೇ ಇದ್ದರು. ನಾನು ಮಾತ್ರ ಸ್ವಲ್ಪ ನಿದ್ದೆ ಮಾಡಿದ್ದೆ.

ಅವರ ಹೆಸರು ಕೇಳಲಿಲ್ಲ ನೋಡು. ನಾಚಿಕೆ, ಸೋಮವಾರ ಕೇಳಿದರಾಯಿತು ಅನ್ನುವ ಉದಾಸೀನ. ಮತ್ತೆ ಸಿಕ್ಕಾಗೆಲ್ಲ ಸುಮ್ನೆ ನಕ್ಕು ಮುಂದೆ ಹೋದೆ, ಅತ್ತಿದ್ದನ್ನು ಕಂಡವರಲ್ವಾ. ಕ್ರಿಸ್ಮಸ್ ರಜೆ ಮುಗಿಸಿ ಬಂದರೆ ಕ್ಲೀನಿಂಗ್ ಕಾಂಟ್ರಾಕ್ಟೇ ಬೇರೆಯವರ ಪಾಲಾಗಿತ್ತು. ಆಫೀಸಿನಲ್ಲಿ ವಿಚಾರಿಸಿದೆ, ಅವರಿಗೂ ಗೊತ್ತಿರಲಿಲ್ಲ. ಈಗಲೂ ದೀಪದ ಮುಂದೆ ಅವರ ನೆನಪಾಗುತ್ತದೆ, ಕರೆಯಲು ಹೆಸರಿಲ್ಲ.

ನಾಳೆ ಗದ್ದಲ ಮಿತಿಮೀರಿದರೆ ಆನ್ ಕಾಲ್ ಕರಿ. ಮರುದಿನ ಯಾರೂ ಅದನ್ನು ನೆನಪಿಟ್ಟಿರುವುದಿಲ್ಲ. ಮತ್ತೆ ನಿನ್ನ ಟೈಮ್‌ಟೇಬಲ್ ಕಳಿಸು. ಇಯರ್ ನೈನ್ ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್ ಆಗಿದ್ದರೆ ಅರ್ಧ ತಪ್ಪು ಗಡಿಯಾರದ್ದು.